ಸಾಲಿ ಬಿಟ್ಟವಳನ್ನು ಬೈಯುವ ಮೊದಲು

ನಮ್ಮ ಕಡೆ ಹುಡುಗಿಯೊಬ್ಬಳು ಶಾಲೆಯ ಕೆಲಸ ಬಿಟ್ಟು ಕಂಪನಿ ಸೇರಿದರೆ ಆ ಸುದ್ದಿಯನ್ನು ಹೇಳುವ ದನಿಯೇ ಬೇರೆ. ‘ಸಾಲಿ ಬಿಟ್ಟು ಕಂಪನಿಗೆ ಹೋದ್ಳಂತ್ರಿ’ ಎನ್ನುವಾಗ ಅರ್ಧ ಮರುಕ, ಅರ್ಧ ತಿರಸ್ಕಾರ. ಮನೆ ಬಿಟ್ಟು ಓಡಿಹೋದವಳ ಬಗ್ಗೆ ಮಾತಾಡಿದ ಹಾಗೆ. ಹನುಮಸಾಗರದಂಥ ಊರಿನಲ್ಲಿ ಈ ಮಾತು ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಕುಬಸದ ಮನೆಯ ಪಂಕ್ತಿಯಲ್ಲಿ ಎಲ್ಲ ಕಡೆಯೂ ಕೇಳಿಬರುತ್ತದೆ. ನಾನು ಮೂವತ್ತು ವರ್ಷದಿಂದ ಪಾಠ ಹೇಳುತ್ತಿರುವವಳಾದ್ದರಿಂದ ಎಲ್ಲರೂ ನನ್ನ ಮುಖ ನೋಡುತ್ತಾರೆ. ‘ಈಗಿನ ಹುಡಿಗ್ಯಾರಿಗೆ ಬರೇ ರೊಕ್ಕದ್ದ ಚಿಂತಿ ಬಿಡ್ರಿ’ ಎಂದು ನಾನೂ ದನಿಗೂಡಿಸಲಿ ಎಂದು ಕಾಯುತ್ತಾರೆ. ನಾನು ದನಿಗೂಡಿಸುವುದಿಲ್ಲ. ಏಕೆ ಎಂಬುದನ್ನು ಒಮ್ಮೆ ವಿವರವಾಗಿ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಮೊದಲು ಒಂದು ಮಾತು ಸ್ಪಷ್ಟಪಡಿಸಿಬಿಡುತ್ತೇನೆ. ನನಗೆ ವೈಯಕ್ತಿಕವಾಗಿ ಗೋಳು ತೋಡಿಕೊಳ್ಳುವ ಕಾರಣವಿಲ್ಲ. ನಾನು ಸರಕಾರಿ ಶಾಲೆಯವಳು. ತಿಂಗಳಿಗೆ ಸರಿಯಾಗಿ ಪಗಾರ ಬರುತ್ತದೆ. 2006ರ ಏಪ್ರಿಲ್ 1ಕ್ಕಿಂತ ಮೊದಲೇ ನೌಕರಿಗೆ ಸೇರಿದ್ದರಿಂದ ಹಳೆಯ ಪಿಂಚಣಿಯೂ ಇದೆ. ಆಮೇಲೆ ಸೇರಿದ ನನ್ನ ತಂಗಿಯರಂಥ ಸಹೋದ್ಯೋಗಿಗಳಿಗೆ ಆ ಭಾಗ್ಯವಿಲ್ಲ. ಆದರೆ ಬಿ.ಎ., ಬಿ.ಎಡ್. ಮುಗಿಸಿದ ಹೊಸದರಲ್ಲಿ, ನಮ್ಮದು ಇನ್ನೂ ರಾಯಚೂರು ಜಿಲ್ಲೆಯಾಗಿದ್ದಾಗ, ನಾನೂ ಒಂದು ಖಾಸಗಿ ಶಾಲೆಯಲ್ಲಿ ದುಡಿದವಳೇ. ಅಲ್ಲಿ ಸಹಿ ಮಾಡಿದ್ದು ಒಂದು ಅಂಕಿಗೆ, ಕೈಗೆ ಬಂದದ್ದು ಇನ್ನೊಂದು ಅಂಕಿ. ಕೇಳಿದರೆ ‘ಅಕ್ಕೋರ, ವಿದ್ಯಾದಾನಕ್ಕ ಬೆಲಿ ಕಟ್ಟಾಕ ಆಗತೈತೇನ್ರಿ?’ ಎಂದು ಕೈ ಮುಗಿದುಬಿಡುತ್ತಿದ್ದರು. ಮುಗಿದ ಕೈಯ ಮುಂದೆ ವಾದ ಮಾಡುವುದು ಬಹಳ ಕಷ್ಟ. ಈಗ ಮಾಡುತ್ತಿರುವ ವಾದ ಆ ಕೈಯ ಜೊತೆಗೇ.

ಈಗ ಲೆಕ್ಕಕ್ಕೆ ಬರೋಣ. ನನ್ನ ಶಿಷ್ಯೆಯೊಬ್ಬಳು ಬಿ.ಎಸ್ಸಿ., ಬಿ.ಎಡ್. ಮಾಡಿ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಐದು ವರ್ಷ ಗಣಿತ ಕಲಿಸಿದಳು. ಬಿಡುವ ಹೊತ್ತಿಗೆ ಅವಳ ಪಗಾರ ತಿಂಗಳಿಗೆ 8,000 ರೂಪಾಯಿ. ಇಪ್ಪತ್ತಾರು ಕೆಲಸದ ದಿನಕ್ಕೆ ಹಂಚಿದರೆ ದಿನಕ್ಕೆ 308 ರೂಪಾಯಿಯೂ ಪೂರ್ತಿ ಬೀಳುವುದಿಲ್ಲ. 2025–26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಒಡ್ಡು ಹಾಕುವ, ಕೆರೆ ಹೂಳೆತ್ತುವ ತಾಯಂದಿರ ಕೂಲಿ ಹೆಚ್ಚಾಯಿತೆಂದು ನಾನು ಹೇಳುತ್ತಿಲ್ಲ. ಅವರ ಬೆವರಿಗೆ ಅದೂ ಕಡಿಮೆಯೇ. ಆದರೆ ಆ ಕೂಲಿಗೆ ಸರಕಾರ ಗೊತ್ತುಮಾಡಿದ ದರವೊಂದಿದೆ, ರೊಕ್ಕ ನೇರವಾಗಿ ಅವರ ಬ್ಯಾಂಕ್ ಖಾತೆಗೆ ಬೀಳುತ್ತದೆ. ನನ್ನ ಶಿಷ್ಯೆಯ ಪಗಾರಕ್ಕೆ ಆ ಎರಡೂ ಇರಲಿಲ್ಲ. ಲಕೋಟೆಯಲ್ಲಿ ಕೊಡುತ್ತಿದ್ದರು. ಏಪ್ರಿಲ್, ಮೇ ತಿಂಗಳಿಗೆ ಲಕೋಟೆಯೂ ಇರಲಿಲ್ಲ.

‘ಖಾಸಗಿಯವರು ಹಾಗೇ ಬಿಡಿ, ಸರಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ ಆಗಬಹುದಲ್ಲ’ ಎನ್ನುವವರಿದ್ದಾರೆ. ಆಗಬಹುದು. ‘ಅತಿಥಿ’ ಎಂಬ ಶಬ್ದವನ್ನು ಯಾರು ಹುಡುಕಿದರೋ, ಅವರಿಗೆ ಕೈಮುಗಿಯಬೇಕು. ಅತಿಥಿಗೆ ನಾವು ಉಂಡಿ ಕೊಡುತ್ತೇವೆ, ಹೋಳಿಗೆ ಬಡಿಸುತ್ತೇವೆ. ಈ ಅತಿಥಿಗೆ ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 10,000, ಪ್ರೌಢಶಾಲೆಯಲ್ಲಿ 10,500 ರೂಪಾಯಿ ಇತ್ತು. 2025–26ರಲ್ಲಿ ಎರಡು ಸಾವಿರ ಏರಿಸಿ 12,000 ಮತ್ತು 12,500 ಮಾಡಿದರು. ಅದಕ್ಕೆ ಪಗಾರ ಎನ್ನುವುದಿಲ್ಲ, ‘ಗೌರವಧನ’ ಎನ್ನುತ್ತಾರೆ. ಅದೂ ಶಾಲೆ ನಡೆಯುವ ತಿಂಗಳಿಗೆ ಮಾತ್ರ. ಬೇಸಿಗೆ ರಜೆಯಲ್ಲಿ ಗೌರವವೂ ಇಲ್ಲ, ಧನವೂ ಇಲ್ಲ. ಮುಂದಿನ ಜೂನ್‌ನಲ್ಲಿ ಕಾಯಂ ಶಿಕ್ಷಕರು ವರ್ಗವಾಗಿ ಬಂದರೆ ಅತಿಥಿ ಎದ್ದು ಹೋಗಬೇಕು. ಹತ್ತು ವರ್ಷ ಅತಿಥಿಯಾಗಿಯೇ ಇದ್ದು, ಕೊನೆಗೆ ಮನೆಯಲ್ಲೂ ಅತಿಥಿಯಂತಾದ ಹೆಣ್ಣುಮಕ್ಕಳನ್ನು ನಾನು ಬಲ್ಲೆ.

ಕೊರೋನಾ ಕಾಲವನ್ನು ನೆನೆಸಿಕೊಳ್ಳಿ. 2020ರ ಮಾರ್ಚ್‌ನಲ್ಲಿ ಶಾಲೆಗಳ ಬಾಗಿಲು ಮುಚ್ಚಿತು. ಅನುದಾನವಿಲ್ಲದ ಶಾಲೆಗಳ ಎಷ್ಟೋ ಶಿಕ್ಷಕಿಯರಿಗೆ ಅಂದೇ ಪಗಾರದ ಬಾಗಿಲೂ ಮುಚ್ಚಿತು. ಕೆಲವರು ಕಾಯಿಪಲ್ಲೆ ಮಾರಿದರು, ಕೆಲವರು ಹೊಲಿಗೆ ಮಷಿನ್ ಮುಂದೆ ಕೂತರು, ಕೆಲವರು ಹೊಲಕ್ಕೆ ಹೋದರು. ಎರಡನೆಯ ಅಲೆ ಬಂದಾಗ, 2021ರ ಜೂನ್‌ನಲ್ಲಿ, ರಾಜ್ಯ ಸರಕಾರ ಅನುದಾನರಹಿತ ಶಾಲೆಗಳ ಸಿಬ್ಬಂದಿಗೆ ಒಂದೇ ಸಲಕ್ಕೆ 5,000 ರೂಪಾಯಿ ಪರಿಹಾರ ಘೋಷಿಸಿತು. ಒಂದೂಕಾಲು ವರ್ಷದ ಹಸಿವಿಗೆ ಐದು ಸಾವಿರ! ಆಗ ‘ಪವಿತ್ರ ವೃತ್ತಿ’ ಎಂದು ಭಾಷಣ ಮಾಡುವವರು ಎಲ್ಲಿದ್ದರೋ ತಿಳಿಯದು. ನಾನು ಕಂಡಂತೆ, ಆ ದಿನಗಳಲ್ಲಿ ಶಾಲೆ ಬಿಟ್ಟ ಹುಡುಗಿಯರೇ ಈಗ ಕಂಪನಿಗಳಲ್ಲಿ ಕೂತಿದ್ದಾರೆ. ಅವರು ಶಾಲೆ ಬಿಡುವ ಮೊದಲೇ ಶಾಲೆ ಅವರನ್ನು ಬಿಟ್ಟಿತ್ತು.

ಈ ‘ಪವಿತ್ರ’ ಎಂಬ ಶಬ್ದದ ಬಗ್ಗೆಯೇ ನನ್ನ ಮುಖ್ಯ ತಕರಾರು. ಹೊಗಳಿಕೆಯ ಮಾತಿನಿಂದ ಯಾರಿಗೆ ಏನು ನಷ್ಟ ಎಂದು ನೀವು ಕೇಳಬಹುದು. ಬಹಳ ನಷ್ಟವಿದೆ, ಅದೂ ಕಾನೂನಿನ ಪುಸ್ತಕದಲ್ಲೇ ದಾಖಲಾದ ನಷ್ಟ. ಗೋವಾದ ಒಂದು ಶಾಲೆಯಲ್ಲಿ ಸುಂದರಾಂಬಾಳ್ ಎಂಬ ಶಿಕ್ಷಕಿ ಇದ್ದರು. 1970ರ ದಶಕದಲ್ಲಿ ಆಡಳಿತ ಮಂಡಳಿ ಅವರನ್ನು ಕೆಲಸದಿಂದ ತೆಗೆಯಿತು. ಕಾರ್ಖಾನೆಯ ಕಾರ್ಮಿಕನನ್ನು ತೆಗೆದರೆ ಅವನು 1947ರ ಕೈಗಾರಿಕಾ ವಿವಾದ ಕಾಯ್ದೆಯಡಿ ನ್ಯಾಯ ಕೇಳಬಹುದಿತ್ತು. ಈ ತಾಯಿಯೂ ಹಾಗೇ ಕೇಳಿದರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1988ರಲ್ಲಿ ತೀರ್ಪು ಬಂತು. ಶಿಕ್ಷಕರ ಕೆಲಸ ಮೈಮುರಿದು ಮಾಡುವ ಕೆಲಸವೂ ಅಲ್ಲ, ಗುಮಾಸ್ತಿಕೆಯೂ ಅಲ್ಲ, ಅದು ಒಂದು ಉದಾತ್ತ ಕಾಯಕ, ಆದ್ದರಿಂದ ಆ ಕಾಯ್ದೆಯ ಅರ್ಥದಲ್ಲಿ ಶಿಕ್ಷಕರು ‘ಕಾರ್ಮಿಕರು’ ಆಗುವುದಿಲ್ಲ ಎಂಬುದು ಅದರ ಸಾರಾಂಶ. ನೋಡಿದಿರಾ? ಹನ್ನೆರಡು ಹದಿಮೂರು ವರ್ಷ ಕೋರ್ಟಿಗೆ ಅಲೆದ ಹೆಂಗಸಿಗೆ ಕೊನೆಗೆ ಸಿಕ್ಕಿದ್ದು ‘ನಿನ್ನ ಕೆಲಸ ಬಹಳ ದೊಡ್ಡದು ತಾಯಿ’ ಎಂಬ ಮಾತು. ದೊಡ್ಡದಾದ್ದರಿಂದಲೇ ಕಾಯ್ದೆಯ ಬಾಗಿಲಲ್ಲಿ ಹಿಡಿಸಲಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಗ್ರಾಚ್ಯುಟಿ ಎಂಬುದನ್ನು ನೀವು ಕೇಳಿರಬೇಕು. ಕನಿಷ್ಠ ಐದು ವರ್ಷ ದುಡಿದವರಿಗೆ ಬಿಡುವಾಗ ವರ್ಷಕ್ಕೆ ಹದಿನೈದು ದಿನದ ಪಗಾರದ ಲೆಕ್ಕದಲ್ಲಿ ಕೊಡುವ ಹಣ ಅದು. 1972ರಲ್ಲಿ ಅದಕ್ಕೆ ಕಾಯ್ದೆಯಾಯಿತು. 1997ರ ಏಪ್ರಿಲ್ 3ರಂದು ಕೇಂದ್ರ ಸರಕಾರ ಹತ್ತು ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಶಿಕ್ಷಣ ಸಂಸ್ಥೆಗಳಿಗೂ ಅದನ್ನು ಅನ್ವಯಿಸಿತು. ಆಗಲೂ ಶಾಲೆಯ ಗುಮಾಸ್ತನಿಗೆ ಸಿಕ್ಕಿತು, ಸಿಪಾಯಿಗೆ ಸಿಕ್ಕಿತು, ಶಿಕ್ಷಕಿಗೆ ಸಿಗಲಿಲ್ಲ. ಶಿಕ್ಷಕರು ಆ ಕಾಯ್ದೆಯಲ್ಲಿ ಹೇಳಿದ ‘ನೌಕರ’ ಎಂಬ ಅರ್ಥದೊಳಗೆ ಬರುವುದಿಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಕೊನೆಗೆ ಸಂಸತ್ತು 2009ರಲ್ಲಿ ಕಾಯ್ದೆ ತಿದ್ದಿ, 1997ರಿಂದಲೇ ಜಾರಿಗೆ ಬರುವಂತೆ ಶಿಕ್ಷಕರನ್ನೂ ಸೇರಿಸಿತು. ಖಾಸಗಿ ಶಾಲೆಗಳವರು ಸುಮ್ಮನಿದ್ದರೇ? ಅದನ್ನೂ ಕೋರ್ಟಿನಲ್ಲಿ ಪ್ರಶ್ನಿಸಿದರು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ಅರ್ಜಿಗಳನ್ನು ತಳ್ಳಿಹಾಕಿತು. ಅಂದರೆ 1972ರಿಂದ ಎಣಿಸಿದರೆ, ಸಿಪಾಯಿಗೆ ಸಿಗುವ ಹಕ್ಕು ಶಿಕ್ಷಕಿಗೂ ಇದೆ ಎಂದು ತಕರಾರಿಲ್ಲದೆ ಇತ್ಯರ್ಥವಾಗಲು ಐವತ್ತು ವರ್ಷ ಬೇಕಾಯಿತು. ಖಾಸಗಿ ಶಾಲೆಯಲ್ಲಿ ಐದು ವರ್ಷ ಮೀರಿ ದುಡಿದು ಬಿಟ್ಟ ಅಕ್ಕತಂಗಿಯರಲ್ಲಿ ಎಷ್ಟು ಜನ ಆ ಹಣ ಕೇಳಿದ್ದೀರಿ? ಕೇಳಬಹುದು ಎಂದು ಎಷ್ಟು ಜನರಿಗೆ ಗೊತ್ತಿತ್ತು?

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮ ಹಿರಿಯರು ನಗಾಡುತ್ತಿದ್ದರು. ಆ ಗಾದೆಯಲ್ಲಿ ಹೂವು ಮುಡಿದವನು ಸ್ವಂತ ಶೋಕಿಗೆ ಮುಡಿದವನು. ನಮ್ಮ ಸಂಗತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಹಿಟ್ಟು ಕೊಡಬೇಕಾದವರೇ ಹೂವು ತಂದು ಮುಡಿಸಿ, ‘ಇನ್ನೇನ ಬೇಕವ್ವ ನಿನಗ?’ ಎಂದು ಕೇಳುತ್ತಿದ್ದಾರೆ.

ಇನ್ನು ಸೆಪ್ಟೆಂಬರ್ 5ರ ವಿಚಾರ. 1962ರಿಂದ ನಾವು ಡಾ. ಸರ್ವಪಲ್ಲಿ ರಾಧಾಕೃಷ್ಣನ್ ಅವರ ಹುಟ್ಟುಹಬ್ಬವನ್ನು ಶಿಕ್ಷಕರ ದಿನವೆಂದು ಆಚರಿಸುತ್ತಿದ್ದೇವೆ. ಅವರು 1918ರಿಂದ 1921ರವರೆಗೆ ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸಿದವರು. ಆಮೇಲೆ ಕಲ್ಕತ್ತಕ್ಕೆ ಹೋದರು. 1949ರಲ್ಲಿ ಸೋವಿಯತ್ ದೇಶಕ್ಕೆ ರಾಯಭಾರಿಯಾದರು, 1952ರಲ್ಲಿ ಉಪರಾಷ್ಟ್ರಪತಿ, 1962ರಲ್ಲಿ ರಾಷ್ಟ್ರಪತಿ. ಅವರ ವಿದ್ವತ್ತಿಗೆ ನಾನು ತಲೆಬಾಗುತ್ತೇನೆ. ಆದರೆ ಒಂದು ಪ್ರಶ್ನೆ ಕೇಳಬೇಕಾಗುತ್ತದೆ. ಪಾಠ ಬಿಟ್ಟು ದೊಡ್ಡ ಹುದ್ದೆಗೆ ಹೋದ ಗಂಡಸಿನ ಹೆಸರಿನಲ್ಲಿ ನಾವು ಹಬ್ಬ ಮಾಡುತ್ತೇವೆ. ಪಾಠ ಬಿಟ್ಟು ಮೂವತ್ತು ಸಾವಿರದ ಕೆಲಸಕ್ಕೆ ಹೋದ ಕುಷ್ಟಗಿ ತಾಲೂಕಿನ ಹುಡುಗಿಗೆ ಮಾತ್ರ ಏಕೆ ಬೈಗುಳ? ನಮ್ಮ ಸುತ್ತಲೇ ನೋಡಿ. ಮಾಸ್ತರರು ಕೆ.ಎ.ಎಸ್. ಪಾಸು ಮಾಡಿ ತಹಶೀಲ್ದಾರರಾದರೆ ಊರಲ್ಲಿ ಮೆರವಣಿಗೆ. ಮಾಸ್ತರರು ರಾಜೀನಾಮೆ ಕೊಟ್ಟು ಚುನಾವಣೆಗೆ ನಿಂತರೆ ‘ನಮ್ಮ ಮಾಸ್ತರ’ ಎಂದು ಹಾರ. ಅಕ್ಕೋರು ಬಿಟ್ಟರೆ ಮಾತ್ರ ವೃತ್ತಿದ್ರೋಹ.

ಇದರ ಗುಟ್ಟು ಏನೆಂದು ಹೆಂಗಸರಾದ ನಮಗೆ ಹೇಳಿಕೊಡಬೇಕಿಲ್ಲ. ‘ಟೀಚರ್ ಕೆಲಸ ಹೆಣ್ಮಕ್ಕಳಿಗೆ ಛಲೋ’ ಎಂಬ ಮಾತನ್ನು ವರ ನೋಡುವವರ ಬಾಯಲ್ಲಿ ಎಷ್ಟು ಸಲ ಕೇಳಿಲ್ಲ? ‘ಮನೀ ಕೆಲಸಾನೂ ಆಗತೈತಿ, ನೌಕರೀನೂ ಆಗತೈತಿ’ ಎನ್ನುತ್ತಾರೆ. ಬೆಳಿಗ್ಗೆ ರೊಟ್ಟಿ ಬಡಿದು ಹೋಗಬಹುದು, ಸಂಜೆ ಐದಕ್ಕೆ ಬಂದು ಮತ್ತೆ ಒಲೆ ಮುಂದೆ ಕೂರಬಹುದು, ಬೇಸಿಗೆಯಲ್ಲಿ ಶ್ಯಾವಿಗೆ, ಹಪ್ಪಳ ಮಾಡಬಹುದು. ಅಂದರೆ ಈ ಕೆಲಸದ ಗುಣವೆಂದರೆ ಅದು ಮನೆಯ ಗಂಡಸರಿಗೆ ತೊಂದರೆ ಕೊಡುವುದಿಲ್ಲ ಎಂಬುದು. ಹಾಗೆ ನೋಡಿದಾಗ ಶಿಕ್ಷಕಿಯ ಪಗಾರ ಮನೆಯ ಮುಖ್ಯ ಆದಾಯವಲ್ಲ, ‘ಮೇಲಿನ ಖರ್ಚಿನ’ ರೊಕ್ಕ ಎಂದಾಗಿಬಿಡುತ್ತದೆ. ಮೇಲಿನ ಖರ್ಚಿಗೆ ಎಂಟು ಸಾವಿರ ಸಾಲದೇ ಎಂದು ಆಡಳಿತ ಮಂಡಳಿಯವರೂ ಲೆಕ್ಕ ಹಾಕುತ್ತಾರೆ. ಗಂಡ ತೀರಿಕೊಂಡವಳು, ಗಂಡ ಬಿಟ್ಟವಳು, ಮದುವೆಯೇ ಆಗದೆ ತಾಯಿತಂದೆಯನ್ನು ಸಾಕುವವಳು ಈ ಲೆಕ್ಕದಲ್ಲಿ ಎಲ್ಲೂ ಬರುವುದೇ ಇಲ್ಲ.

ಸಂಜೆ ಐದಕ್ಕೆ ಮನೆಗೆ ಬರುತ್ತೇವೆ ಎಂಬುದೂ ಹಳೆಯ ಕಥೆ. 2002ರಲ್ಲಿ ನಮ್ಮ ಈಶಾನ್ಯ ಭಾಗದ ಜಿಲ್ಲೆಗಳಲ್ಲೇ ಮೊದಲು ಬಿಸಿಯೂಟ ಶುರುವಾಯಿತು. ಮಕ್ಕಳ ಹೊಟ್ಟೆ ತಣ್ಣಗಾಯಿತು, ಬಹಳ ಒಳ್ಳೆಯದಾಯಿತು. 2013ರಲ್ಲಿ ಹಾಲು ಬಂತು, ಆಮೇಲೆ ಮೊಟ್ಟೆಯೂ ಬಂತು. ಅಕ್ಕಿ, ಬೇಳೆ, ಹಾಲಿನ ಪುಡಿ, ಮೊಟ್ಟೆ ಎಲ್ಲದರ ಲೆಕ್ಕ ಬರೆಯುವವರು ಯಾರು? ಶಿಕ್ಷಕರೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಕಲಮು ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಅದೇ ಕಲಮು ಜನಗಣತಿ, ಚುನಾವಣೆ, ವಿಪತ್ತು ಪರಿಹಾರಕ್ಕೆ ವಿನಾಯಿತಿಯನ್ನೂ ಕೊಡುತ್ತದೆ. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ದಸರಾ ರಜೆಯನ್ನೆಲ್ಲ ಮನೆಮನೆಯ ಹೊಸ್ತಿಲಲ್ಲಿ ಕಳೆದವರು ನಾವೇ. ನೆಟ್‌ವರ್ಕ್ ಸಿಗದೆ ಮೊಬೈಲ್ ಮೇಲೆತ್ತಿ ಹಿಡಿದು ನಿಂತ ಅಕ್ಕೋರನ್ನು ಕಂಡು ಓಣಿಯ ಹುಡುಗರು ನಕ್ಕದ್ದೂ ಉಂಟು. ಕಂಪನಿಯಲ್ಲಿ ದುಡಿಸಿಕೊಳ್ಳುತ್ತಾರೆ ಎಂದು ಹೆದರಿಸುವವರು ಇದನ್ನೆಲ್ಲ ಏನೆಂದು ಕರೆಯುತ್ತಾರೋ!

ಹಾಗಾದರೆ ಕಂಪನಿ ಸ್ವರ್ಗವೇ? ಖಂಡಿತ ಅಲ್ಲ. ಹಾಗೆ ಹೇಳಿದರೆ ನಾನು ಒಂದು ಮೂಢನಂಬಿಕೆ ಬಿಟ್ಟು ಇನ್ನೊಂದನ್ನು ಹಿಡಿದಂತಾಗುತ್ತದೆ. ಶಿಕ್ಷಕರನ್ನು ಶಾಲೆಯಿಂದ ಸೆಳೆದ ಕಂಪನಿಗಳ ಕಥೆಯನ್ನೇ ತೆಗೆದುಕೊಳ್ಳಿ. ನಮ್ಮ ಬೆಂಗಳೂರಿನಲ್ಲಿ ಬೆಳೆದ ಬೈಜೂಸ್ ಕಂಪನಿಯ ಸ್ಥಾಪಕ ಬೈಜು ರವೀಂದ್ರನ್ ಶಿಕ್ಷಕ ದಂಪತಿಯ ಮಗ, ಸ್ವತಃ ಪಾಠ ಹೇಳಿ ಹೆಸರಾದವರು. 2011ರಲ್ಲಿ ಕಂಪನಿ ಕಟ್ಟಿ, 2015ರಲ್ಲಿ ಮೊಬೈಲ್ ಪಾಠ ಆರಂಭಿಸಿದರು. 2019ರಲ್ಲಿ ಭಾರತದ ಕ್ರಿಕೆಟ್ ತಂಡದ ಅಂಗಿಯ ಮೇಲೆ ಅವರ ಕಂಪನಿಯ ಹೆಸರು ಬಂತು. 2020ರ ಆಗಸ್ಟ್‌ನಲ್ಲಿ, ದೇಶದ ಶಾಲೆಗಳೆಲ್ಲ ಮುಚ್ಚಿದ್ದಾಗ, ಅವರು ವೈಟ್‌ಹ್ಯಾಟ್ ಜೂನಿಯರ್ ಎಂಬ ಕಂಪನಿಯನ್ನು 30 ಕೋಟಿ ಡಾಲರಿಗೆ ಕೊಂಡರು. ಮನೆಯಲ್ಲೇ ಕೂತು ಮಕ್ಕಳಿಗೆ ಕಂಪ್ಯೂಟರ್ ಕೋಡಿಂಗ್ ಕಲಿಸುವ ಹೆಂಗಸರೇ ಅದರ ಬಂಡವಾಳ. ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಲ್ಯಾಪ್‌ಟಾಪ್ ಮುಂದೆ ಕೂತು ದುಡಿಯಬಹುದು ಎಂದರೆ ಯಾವ ಹೆಂಗಸಿಗೆ ಬೇಡವೆನಿಸುತ್ತದೆ?

ಎರಡೇ ವರ್ಷ. 2022ರ ಮಾರ್ಚ್‌ನಲ್ಲಿ ಆ ಕಂಪನಿ ತನ್ನ ಕಾಯಂ ನೌಕರರಿಗೆ ಒಂದು ತಿಂಗಳೊಳಗೆ ಕಚೇರಿಗೆ ಬನ್ನಿ ಎಂದು ಹೇಳಿತು. ಮುಂದಿನ ಎರಡು ತಿಂಗಳಲ್ಲಿ ಎಂಟುನೂರಕ್ಕೂ ಹೆಚ್ಚು ಜನ ರಾಜೀನಾಮೆ ಕೊಟ್ಟರೆಂದು ಪತ್ರಿಕೆಗಳು ಬರೆದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬೈಜೂಸ್ ತಾನೇ 2,500 ಜನರನ್ನು ತೆಗೆಯುವುದಾಗಿ ಪ್ರಕಟಿಸಿತು. 2024ರ ಜುಲೈನಲ್ಲಿ, ಕ್ರಿಕೆಟ್ ಮಂಡಳಿಗೆ ಕೊಡಬೇಕಿದ್ದ ಬಾಕಿಯ ವಿಷಯದಲ್ಲಿ, ಬೆಂಗಳೂರಿನ ಕಂಪನಿ ನ್ಯಾಯಮಂಡಳಿ ಅದರ ಮೇಲೆ ದಿವಾಳಿ ಪ್ರಕ್ರಿಯೆ ಶುರುಮಾಡಲು ಆದೇಶಿಸಿತು. ಆಕಾಶ ಮುಟ್ಟಿದ್ದು ಎಷ್ಟು ಬೇಗವೋ ನೆಲ ಮುಟ್ಟಿದ್ದೂ ಅಷ್ಟೇ ಬೇಗ. ಶಿಕ್ಷಕರು ಕಂಪನಿಗೆ ಹೋದರೂ ಕೆಲವು ಕಡೆ ಅವರಿಗೆ ಸಿಗುವುದು ಪಾಠದ ಕೆಲಸವಲ್ಲ. ತಾಯಿತಂದೆಗಳಿಗೆ ಫೋನ್ ಮಾಡಿ ಪಾಠದ ಪ್ಯಾಕೇಜು ಮಾರುವ ಕೆಲಸ. ತಿಂಗಳಿಗೆ ಇಷ್ಟು ಮಾರಲೇಬೇಕು ಎಂಬ ಗುರಿ, ಮಾರದಿದ್ದರೆ ಮೇಲಿನವರ ಬೈಗುಳ. ಅಲ್ಲಿ ನೊಂದು ತಿರುಗಿ ಬಂದವರನ್ನೂ ನಾನು ಕಂಡಿದ್ದೇನೆ.

ಆದರೂ ಆ ಹುಡುಗಿಯರು ಒಂದು ವಿಷಯವನ್ನು ಒಕ್ಕೊರಲಿನಿಂದ ಹೇಳುತ್ತಾರೆ. ನನ್ನ ಆ ಗಣಿತದ ಶಿಷ್ಯೆ ಈಗ ಬೆಂಗಳೂರಿನಲ್ಲಿ ಒಂದು ಕಂಪನಿಯಲ್ಲಿ ಹೊಸದಾಗಿ ಸೇರಿದವರಿಗೆ ಕೆಲಸ ಕಲಿಸುವ ವಿಭಾಗದಲ್ಲಿದ್ದಾಳೆ. ಯುಗಾದಿಗೆ ಬಂದಾಗ ‘ಏನವ್ವಾ, ಹೆಂಗೈತಿ?’ ಎಂದು ಕೇಳಿದೆ. ‘ಟೀಚರ್, ಕೆಲಸ ಭಾಳ ಐತ್ರಿ. ಆದ್ರ ಮೊದಲನೇ ದಿನಾನ ಕೈಯಾಗ ಒಂದು ಕಾಗದ ಕೊಟ್ರು ನೋಡ್ರಿ’ ಎಂದಳು. ನೇಮಕಾತಿ ಪತ್ರ! ಪಗಾರ ಎಷ್ಟು, ರಜೆ ಎಷ್ಟು, ಪಿ.ಎಫ್. ಎಷ್ಟು, ಬಿಡಬೇಕಾದರೆ ಎಷ್ಟು ದಿನ ಮೊದಲು ತಿಳಿಸಬೇಕು ಎಂದೆಲ್ಲ ಬರೆದ ಕಾಗದ. ಐದು ವರ್ಷ ಪಾಠ ಹೇಳಿದ ಶಾಲೆ ಅವಳಿಗೆ ಅಂಥದ್ದೊಂದು ಕಾಗದ ಕೊಟ್ಟಿರಲಿಲ್ಲ. ಬದಲಿಗೆ ಅವಳ ಮೂಲ ಅಂಕಪಟ್ಟಿಗಳನ್ನು ತನ್ನ ಕಪಾಟಿನಲ್ಲಿ ಇಟ್ಟುಕೊಂಡಿತ್ತು. ವರ್ಷದ ನಡುವೆ ಬಿಟ್ಟರೆ ಅನುಭವದ ಪ್ರಮಾಣಪತ್ರ ಕೊಡುವುದಿಲ್ಲ ಎಂದೂ ಹೆದರಿಸಿತ್ತು. ಅವಳ ಜೊತೆಗೆ ಸೇರಿದ ಇನ್ನೊಬ್ಬಳಿಗೆ ಹೆರಿಗೆಯಾದಾಗ 2017ರ ತಿದ್ದುಪಡಿಯ ಪ್ರಕಾರ ಕಂಪನಿ 26 ವಾರದ ಪಗಾರಸಹಿತ ರಜೆ ಕೊಟ್ಟಿತಂತೆ. ಹಿಂದಿನ ಶಾಲೆಯಲ್ಲಾದರೆ ಬಸುರಿ ಎಂದು ತಿಳಿದ ದಿನವೇ ‘ಮುಂದಿನ ಜೂನಕ್ಕ ನೋಡೋಣ್ರಿ’ ಎನ್ನುತ್ತಿದ್ದರು. ಇದರಲ್ಲಿ ಯಾರಿಗೆ ಹೆಣ್ಣುಮಕ್ಕಳ ಮೇಲೆ ಹೆಚ್ಚು ಗೌರವ? ಕಂಪನಿಯವರು ನಮ್ಮ ಮೇಲಿನ ಪ್ರೀತಿಯಿಂದ ಕೊಟ್ಟರೆಂದು ನಾನು ಹೇಳುವುದಿಲ್ಲ. ಕಾನೂನಿನ ಭಯದಿಂದ ಕೊಟ್ಟಿರಬಹುದು. ನಮ್ಮ ಶಾಲೆಗಳಿಗೆ ಆ ಭಯವಾದರೂ ಇರಲಿ ಎಂಬುದೇ ನನ್ನ ಹಾರೈಕೆ.

ಇಲ್ಲಿ ಇನ್ನೊಂದು ಮಾತು. ‘ಸಾಲಿ ಅಕ್ಕೋರಿಗೆ ಕಂಪನ್ಯಾಗ ಏನ್ ಕೆಲಸ?’ ಎಂದು ಮೂಗು ಮುರಿಯುವವರಿಗೆ ನಮ್ಮ ಕೆಲಸವೇನೆಂದು ತಿಳಿದಿಲ್ಲ. ನಲವತ್ತು ನಿಮಿಷದಲ್ಲಿ ಒಂದು ವಿಷಯವನ್ನು ನಲವತ್ತು ತಲೆಗಳಿಗೆ ಇಳಿಸುವುದು, ಅರ್ಥವಾಗದವನ ಮುಖ ನೋಡಿಯೇ ಗುರುತಿಸುವುದು, ಜಗಳಕ್ಕೆ ಬಂದ ತಾಯಿತಂದೆಯನ್ನು ಸಮಾಧಾನ ಮಾಡಿ ಕಳಿಸುವುದು, ವರ್ಷದ ಕೆಲಸವನ್ನು ತಿಂಗಳು, ವಾರಗಳಿಗೆ ಹಂಚಿ ದಾಖಲೆ ಇಡುವುದು, ಎದ್ದು ನಿಂತು ಹೆದರದೆ ಮಾತಾಡುವುದು. ಇದಕ್ಕೆಲ್ಲ ಕಂಪನಿಗಳಲ್ಲಿ ದೊಡ್ಡ ದೊಡ್ಡ ಹೆಸರುಗಳಿವೆ, ಹೆಸರಿಗೆ ತಕ್ಕ ಪಗಾರವೂ ಇದೆ. ಸುಧಾ ಮೂರ್ತಿಯವರು ಟೆಲ್ಕೋದಲ್ಲಿ ಎಂಜಿನಿಯರ್ ಆಗಿದ್ದು ಆಮೇಲೆ ಕಾಲೇಜಿನಲ್ಲಿ ಪಾಠ ಹೇಳಿದರು. ನಾವೆಲ್ಲ ಮೆಚ್ಚಿದೆವು. ಕಂಪನಿಯಿಂದ ತರಗತಿಗೆ ಬರುವ ದಾರಿ ಗೌರವದ್ದಾದರೆ ತರಗತಿಯಿಂದ ಕಂಪನಿಗೆ ಹೋಗುವ ದಾರಿ ಅವಮಾನದ್ದು ಹೇಗಾಗುತ್ತದೆ? ದಾರಿ ಒಂದೇ ಅಲ್ಲವೇ!

ಈಗ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ‘ಎಲ್ಲಾರೂ ಹಿಂಗ ಹೋದ್ರ ನಮ್ಮ ಹುಡುಗರಿಗೆ ಕಲಿಸೋರು ಯಾರು?’ ಇದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. 2001ರ ಜನಗಣತಿಯಲ್ಲಿ ನಮ್ಮ ಕೊಪ್ಪಳ ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು 40 ಮಾತ್ರ. 2011ರಲ್ಲಿ ಅದು 57 ದಾಟಿತು. ಈ ಏರಿಕೆ ಗಾಳಿಯಲ್ಲಿ ಆಗಲಿಲ್ಲ. ಕೆಸರಿನ ದಾರಿಯಲ್ಲಿ ನಡೆದು, ಟ್ರ್ಯಾಕ್ಟರ್ ಹತ್ತಿ ಹಳ್ಳಿಗಳಿಗೆ ಹೋಗಿ, ಹತ್ತಿ ಬಿಡಿಸಲು ಹೋದ ಹುಡುಗಿಯರನ್ನು ಹೊಲದಿಂದ ಕರೆತಂದ ಶಿಕ್ಷಕ ಶಿಕ್ಷಕಿಯರ ಕಾಲಿನ ಬಲದಿಂದ ಆಯಿತು. ಗಣಿತ, ವಿಜ್ಞಾನ ಬಲ್ಲ ಹುಡುಗಿಯೊಬ್ಬಳು ಶಾಲೆ ಬಿಟ್ಟರೆ ಇಂಥ ಜಿಲ್ಲೆಯಲ್ಲಿ ಆ ಜಾಗ ವರ್ಷಗಟ್ಟಲೆ ಖಾಲಿ ಬೀಳುತ್ತದೆ. ಆ ನಷ್ಟ ನನಗೆ ಗೊತ್ತು, ಏಕೆಂದರೆ ಆ ಪಿರಿಯಡ್ಡಿಗೆ ಹೋಗಿ ಕೂರುವವಳು ನಾನೇ.

ಆದರೆ ನಷ್ಟ ತುಂಬುವ ಭಾರವನ್ನು ಇಪ್ಪತ್ತೇಳು ವರ್ಷದ ಹುಡುಗಿಯ ಹೆಗಲ ಮೇಲೆ ಮಾತ್ರ ಏಕೆ ಹೊರಿಸಬೇಕು? ನಮ್ಮ ಭಾಗಕ್ಕೆ 371 ಜೆ ಕಲಮು ಬಂದಿದೆ, 2019ರಲ್ಲಿ ‘ಕಲ್ಯಾಣ ಕರ್ನಾಟಕ’ ಎಂಬ ಚೆಂದದ ಹೆಸರೂ ಬಂದಿದೆ. 2022ರಲ್ಲಿ ಸರಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಕ್ಕೆ ಕರೆದಾಗ ಅದರಲ್ಲಿ 5,000 ಹುದ್ದೆ ನಮ್ಮ ಭಾಗಕ್ಕೇ ಇದ್ದವು. ಅಂದರೆ ಅಷ್ಟು ಜಾಗ ಅಷ್ಟು ದಿನ ಖಾಲಿ ಇದ್ದವು ಎಂದೇ ಅರ್ಥ. ಖಾಲಿ ಕುರ್ಚಿಗೆ ಅತಿಥಿಯನ್ನು ಕೂರಿಸಿ ವರ್ಷ ದೂಡಿದವರು ಯಾರೂ ‘ದ್ರೋಹಿ’ ಎನಿಸಿಕೊಳ್ಳಲಿಲ್ಲ. ಕನ್ನಡ ಶಾಲೆಗಳ ಸ್ಥಿತಿಯೂ ಅಷ್ಟೇ. 1995ರ ನಂತರ ಶುರುವಾದ ಖಾಸಗಿ ಕನ್ನಡ ಮಾಧ್ಯಮ ಶಾಲೆಗಳು ಅನುದಾನಕ್ಕಾಗಿ ವರ್ಷಗಟ್ಟಲೆ ಬೇಡಿಕೊಳ್ಳುತ್ತ ಬಂದಿವೆ. ಭಾಷೆಯ ಅಭಿಮಾನದ ಭಾಷಣಕ್ಕೆ ಎಂದೂ ಅನುದಾನದ ಕೊರತೆಯಾಗಿಲ್ಲ.

ಇನ್ನು ಪಾಲಕರಾದ ನಿಮಗೂ ಒಂದು ಮಾತು ಹೇಳಬೇಕು. ಬೇಸರ ಮಾಡಿಕೊಳ್ಳಬೇಡಿ. ಮಗುವನ್ನು ಶಾಲೆಗೆ ಸೇರಿಸುವಾಗ ಬಸ್ಸು ಇದೆಯೇ, ಕಂಪ್ಯೂಟರ್ ಇದೆಯೇ, ಟೈ ಬೂಟು ಇದೆಯೇ ಎಂದು ಕೇಳುತ್ತೀರಿ. ನನ್ನ ಮಗುವಿಗೆ ಕಲಿಸುವ ಟೀಚರಿಗೆ ತಿಂಗಳಿಗೆ ಎಷ್ಟು ಕೊಡುತ್ತೀರಿ ಎಂದು ಎಂದಾದರೂ ಕೇಳಿದ್ದೀರಾ? ಶುಲ್ಕವನ್ನು ಸಾಲ ಮಾಡಿಯಾದರೂ ಕಟ್ಟುತ್ತೀರಿ. ಅದರಲ್ಲಿ ಟೀಚರ ಪಾಲು ಎಷ್ಟು ಎಂದು ತಿಳಿಯುವ ಹಕ್ಕು ನಿಮಗಿದೆ. ನಾಲ್ಕು ಜನ ತಾಯಂದಿರು ಸೇರಿ ಪಾಲಕರ ಸಭೆಯಲ್ಲಿ ಈ ಒಂದು ಪ್ರಶ್ನೆ ಕೇಳಿದರೆ, ನನ್ನಂಥವಳು ಹತ್ತು ಲೇಖನ ಬರೆಯುವುದಕ್ಕಿಂತ ಹೆಚ್ಚು ಕೆಲಸವಾಗುತ್ತದೆ. ಎಂಟು ಸಾವಿರದ ಟೀಚರ್ ವರ್ಷಕ್ಕೊಬ್ಬಳು ಬದಲಾದರೆ ಕೆಡುವುದು ನಿಮ್ಮ ಮಗುವಿನ ಗಣಿತವೇ.

ಹೋಗುವ ಹುಡುಗಿಯರಿಗೂ ನಾನು ಕಣ್ಣು ಮುಚ್ಚಿ ಹೋಗಿ ಎನ್ನುವುದಿಲ್ಲ. ಕಂಪನಿಯ ಬಣ್ಣದ ಜಾಹೀರಾತು ನೋಡಿ ಓಡಬೇಡಿ. ನೇಮಕಾತಿ ಪತ್ರವನ್ನು ಕೊನೆಯ ಸಾಲಿನವರೆಗೆ ಓದಿ. ಕೆಲಸ ಕಲಿಸುವುದೋ ಮಾರುವುದೋ ಎಂದು ಬಾಯಿಬಿಟ್ಟು ಕೇಳಿ. ಮನೆಯಿಂದ ಕೆಲಸ ಎಂದರೆ ಎಷ್ಟು ದಿನ ಎಂದು ಬರೆಸಿಕೊಳ್ಳಿ. ಪಿ.ಎಫ್. ಖಾತೆಯ ಸಂಖ್ಯೆ ಪಡೆದು ರೊಕ್ಕ ಬೀಳುತ್ತಿದೆಯೋ ನೋಡುತ್ತಿರಿ. ಮೂಲ ಅಂಕಪಟ್ಟಿಯನ್ನು ಶಾಲೆಯವರಿಗಾಗಲಿ, ಕಂಪನಿಯವರಿಗಾಗಲಿ ಒಪ್ಪಿಸಿ ಬರಬೇಡಿ, ನಕಲು ಸಾಕು. ಹಿಂದಿನ ಶಾಲೆಯಲ್ಲಿ ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿಯನ್ನು ಬರವಣಿಗೆಯಲ್ಲಿ ಕೇಳಿ. ಟಿ.ಇ.ಟಿ. ಪಾಸಾಗಿದ್ದರೆ ಆ ಪ್ರಮಾಣಪತ್ರವನ್ನು ಜೋಪಾನವಾಗಿಡಿ. ಮೊದಲು ಅದಕ್ಕೆ ಏಳು ವರ್ಷದ ಮಿತಿ ಇತ್ತು, 2021ರಲ್ಲಿ ಜೀವಮಾನ ಪೂರ್ತಿ ನಡೆಯುತ್ತದೆ ಎಂದು ಮಾಡಿದರು. ಸರಕಾರಿ ನೇಮಕಕ್ಕೆ ವಯಸ್ಸಿನ ಮಿತಿ ಮಾತ್ರ ಇದ್ದೇ ಇದೆ, ಅದನ್ನು ಮರೆಯಬೇಡಿ. ತಿರುಗಿ ಬರಬೇಕೆನಿಸಿದರೆ ನಾಚಿಕೆಪಡದೆ ಬನ್ನಿ.

2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂತು. ಊರಿಗೆ ಊರೇ ನೋಡಲು ಹೋಯಿತು. ಇನ್ನು ನಮ್ಮ ಹುಡುಗಿಯರಿಗೆ ಹುಬ್ಬಳ್ಳಿ ಹತ್ತಿರ, ಬೆಂಗಳೂರೂ ಹತ್ತಿರ. ರೈಲು ಹತ್ತುವವಳನ್ನು ಬೈದು ಯಾರೂ ಇಳಿಸಲಾಗುವುದಿಲ್ಲ. ಅವಳನ್ನು ಇಲ್ಲಿ ಉಳಿಸಿಕೊಳ್ಳಬೇಕೆಂದು ನಿಜವಾಗಿ ಮನಸ್ಸಿದ್ದರೆ ಮಾಡಬೇಕಾದ್ದು ಕಷ್ಟದ ಕೆಲಸವೇನಲ್ಲ: ಕೈಗೆ ನೇಮಕಾತಿ ಪತ್ರ, ಹನ್ನೆರಡು ತಿಂಗಳ ಪಗಾರ, ಅದೂ ಬ್ಯಾಂಕಿನ ಮೂಲಕ, ಹೆರಿಗೆಗೆ ರಜೆ, ಖಾಲಿ ಹುದ್ದೆಗೆ ಕಾಯಂ ನೇಮಕ. ಇಷ್ಟು ಕೊಟ್ಟ ಮೇಲೂ ಅವಳು ಹೋದರೆ ಆಗ ಬೈಯೋಣ, ನಾನೂ ಬರುತ್ತೇನೆ. ಅಲ್ಲಿಯವರೆಗೆ ಶಿಕ್ಷಕರ ದಿನದ ಹಾರ, ಶಾಲು, ಹಣ್ಣಿನ ಬುಟ್ಟಿಯ ಖರ್ಚನ್ನು ಉಳಿಸಿ, ಆ ರೊಕ್ಕವನ್ನು ಟೀಚರ ಪಗಾರಕ್ಕೆ ಸೇರಿಸಿಕೊಡಿ ಎಂದಷ್ಟೇ ಶಾಲೆ ನಡೆಸುವವರಲ್ಲಿ ಕೇಳಿಕೊಳ್ಳುತ್ತೇನೆ.